ಸಿನಿಮಾದ ಯುದ್ಧವಿಮಾನ, ನಿಜದ ಯುದ್ಧವಿಮಾನ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಬಿಇ ಮಾಡಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ವಿಜ್ಞಾನ ಮತ್ತು ತಂತ್ರಜ್ಞಾನದ ಬಗ್ಗೆ ಏನಾದರೂ ಮಾತನಾಡಿ ಎಂದು ಸಮಿತಿಯವರು ಹೇಳಿದರು. ಕಂಪ್ಯೂಟರ್ ಬಗ್ಗೆ ಮಾತನಾಡಿದರೆ ಹಿರಿಯರಿಗೆ ನಿದ್ದೆ ಬರುತ್ತದೆ, ಪಾಠದ ಬಗ್ಗೆ ಮಾತನಾಡಿದರೆ ಮಕ್ಕಳಿಗೆ ನಿದ್ದೆ ಬರುತ್ತದೆ. ಆದ್ದರಿಂದ ಇಬ್ಬರೂ ನೋಡುವ ವಸ್ತುವನ್ನು ಆರಿಸಿಕೊಂಡಿದ್ದೇನೆ: ಸಿನಿಮಾ. ಅದರಲ್ಲೂ ಯುದ್ಧವಿಮಾನಗಳ ಸಿನಿಮಾ. ಅಲ್ಲಿ ತೋರಿಸುವ ಯಂತ್ರಗಳು ನಿಜಕ್ಕೂ ಹಾಗಿದ್ದವೇ? ಹಾಗಿರದಿದ್ದರೆ ನಮಗೇನು ನಷ್ಟ?

2025ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ಬಂತು. ನಿಮ್ಮಲ್ಲಿ ಅನೇಕರು ಅದನ್ನು ಮೊಬೈಲಿನಲ್ಲಾದರೂ ನೋಡಿರುತ್ತೀರಿ. ಅದರಲ್ಲಿ ಹೆಸರುಗಳನ್ನು ಬದಲಿಸಿದ್ದಾರೆ. ಆದರೆ ಆ ಕಥೆಯ ಬೇರು ನಮ್ಮ ಕರ್ನಾಟಕದಲ್ಲಿದೆ. ಅದು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕಥೆ.

1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರ ವಾಯುನೆಲೆಯಿಂದ ನಮ್ಮ ವಾಯುಪಡೆಯ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ತಂಡದ ನಾಯಕರು ವಿಂಗ್ ಕಮಾಂಡರ್ ಓ.ಪಿ. ತನೇಜಾ. ಬೇರೆ ಯಾವುದಾದರೂ ವಿಮಾನಕ್ಕೆ ತೊಂದರೆಯಾದರೆ ಇರಲಿ ಎಂದು ದೇವಯ್ಯನವರನ್ನು ಬದಲಿ ಪೈಲಟ್ ಆಗಿ ಇಟ್ಟಿದ್ದರು. ಅವರೂ ಹೋದರು, ಹಿಂತಿರುಗಲಿಲ್ಲ. ಅವರಿಗೆ ಆಗ 32 ವರ್ಷ. ನಮ್ಮ ದಾಖಲೆಯಲ್ಲಿ ಅವರು ‘ಕಾಣೆಯಾದವರು’.

ಏನಾಯಿತು ಎಂಬುದು ನಮಗೆ ತಿಳಿದದ್ದು ಹೊರಗಿನವರಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಆ ಯುದ್ಧದ ಬಗ್ಗೆ ಪಾಕಿಸ್ತಾನದ ಕಡೆಯ ಮಾಹಿತಿ ಇಟ್ಟುಕೊಂಡು ಬರೆದ ಪುಸ್ತಕ ಹೊರಬಂತು. ಆ ದಿನ ಸರ್ಗೋಧಾ ಬಳಿ ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಒಂದು ಮಿಸ್ಟೇರ್ ವಿಮಾನದ ಜೊತೆ ಕಾದಾಡಿ ಉರುಳಿತು, ಅದರ ಪೈಲಟ್ ಅಮ್ಜದ್ ಹುಸೇನ್ ಹೊರಗೆ ಹಾರಿ ಬದುಕಿಕೊಂಡರು ಎಂಬುದು ಅದರಿಂದ ಗೊತ್ತಾಯಿತು. ಮರಳಿ ಬಾರದ ಮಿಸ್ಟೇರ್ ಯಾರದು ಎಂದು ಲೆಕ್ಕ ಹಾಕಿದಾಗ ಉತ್ತರ ದೇವಯ್ಯನವರ ಬಳಿ ಬಂದು ನಿಂತಿತು. 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಕೊಟ್ಟರು. ಯುದ್ಧ ಮುಗಿದು 23 ವರ್ಷವಾಗಿತ್ತು.

ಈಗ ಯಂತ್ರಗಳ ವಿಷಯಕ್ಕೆ ಬರೋಣ. ಫ್ರೆಂಚರು ಮಾಡಿದ ಮಿಸ್ಟೇರ್ ಗಂಟೆಗೆ ಸುಮಾರು 1,100 ಕಿಲೋಮೀಟರ್ ಹೋಗಬಲ್ಲದು. ಅಮೆರಿಕದ ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು, ಅಂದರೆ 2,000 ಕಿಲೋಮೀಟರಿಗೂ ಮೇಲೆ ಹೋಗಬಲ್ಲದು. ಮಿಸ್ಟೇರ್‌ನಲ್ಲಿ ಶತ್ರು ವಿಮಾನವನ್ನು ಹುಡುಕಿಕೊಡುವ ರೇಡಾರ್ ಇಲ್ಲ. ಹಿಂದಿನಿಂದ ಕ್ಷಿಪಣಿ ಬರುತ್ತಿದೆ ಎಂದು ಕೂಗಿ ಹೇಳುವ ಗಂಟೆಯೂ ಇಲ್ಲ. ಕತ್ತು ತಿರುಗಿಸಿ ಕಣ್ಣಿನಿಂದಲೇ ನೋಡಬೇಕು. ದಾರಿ ಹುಡುಕಲು ಇಂದಿನ ಜಿಪಿಎಸ್ ಇಲ್ಲ. ತೊಡೆಯ ಮೇಲೆ ನಕ್ಷೆ, ಎದುರಿಗೆ ದಿಕ್ಸೂಚಿ ಮತ್ತು ಗಡಿಯಾರ. ಇಷ್ಟು ವೇಗದಲ್ಲಿ, ಈ ದಿಕ್ಕಿನಲ್ಲಿ, ಇಷ್ಟು ನಿಮಿಷ ಹೋದರೆ ಇಂಥ ಕಡೆ ಇರುತ್ತೇನೆ ಎಂಬ ಲೆಕ್ಕ. ನಮ್ಮ ಗಣಿತ ಪುಸ್ತಕದ ‘ವೇಗ, ಕಾಲ, ದೂರ’ದ ಲೆಕ್ಕವೇ ಅದು. ಅದನ್ನು ಕತ್ತಲಲ್ಲಿ ಹೊರಟು, ನೆಲಕ್ಕೆ ಹತ್ತಿರ ಹಾರುತ್ತಾ ಮಾಡಬೇಕು.

ಇನ್ನು ಗುಂಡುಗಳು. ಸಿನಿಮಾದಲ್ಲಿ ನಾಯಕ ಗುಂಡು ಹಾರಿಸುತ್ತಲೇ ಇರುತ್ತಾನೆ. ಮಿಸ್ಟೇರ್‌ನಲ್ಲಿ 30 ಮಿಲಿಮೀಟರಿನ ಎರಡು ತೋಪುಗಳು. ಒಂದೊಂದಕ್ಕೆ 150 ಗುಂಡು. ತೋಪು ನಿಮಿಷಕ್ಕೆ ಸುಮಾರು 1,200 ಗುಂಡು ಹಾರಿಸುತ್ತದೆ. ಮಕ್ಕಳೇ, ಭಾಗಿಸಿ ನೋಡಿ. ಏಳೂವರೆ ಸೆಕೆಂಡ್! ಗುಂಡಿ ಒತ್ತಿ ಹಿಡಿದರೆ ಏಳೂವರೆ ಸೆಕೆಂಡಿನಲ್ಲಿ ಎಲ್ಲ ಖಾಲಿ. ಆದ್ದರಿಂದ ನಿಜವಾದ ಪೈಲಟ್ ಒಂದು ಕ್ಷಣ ಒತ್ತಿ ಬಿಡುತ್ತಾನೆ, ಮತ್ತೆ ಗುರಿ ಸಿಗುವವರೆಗೆ ಕಾಯುತ್ತಾನೆ. ಜಿಪುಣ ತಾಯಿ ಎಣ್ಣೆ ಹಾಕುವ ಹಾಗೆ.

ಹಾಗಾದರೆ ನಿಧಾನದ ವಿಮಾನ ವೇಗದ ವಿಮಾನವನ್ನು ಹೇಗೆ ಕೆಡವಿತು? ಇಲ್ಲಿ ಪವಾಡವೇನೂ ಇಲ್ಲ, ಭೌತಶಾಸ್ತ್ರವಿದೆ. ಶಬ್ದದ ಎರಡು ಪಟ್ಟು ವೇಗ ಬರುವುದು ಬಹಳ ಎತ್ತರದ ತೆಳು ಗಾಳಿಯಲ್ಲಿ. ನೆಲದ ಹತ್ತಿರ ಗಾಳಿ ದಟ್ಟ, ಅಲ್ಲಿ ಸ್ಟಾರ್‌ಫೈಟರ್‌ಗೂ ಆ ವೇಗ ಇಲ್ಲ. ಎರಡನೆಯದು ತಿರುವು. ಒಂದೇ ಬಲದಲ್ಲಿ ತಿರುಗುವುದಾದರೆ, ವೇಗ ಎರಡರಷ್ಟಾದಾಗ ತಿರುಗಲು ಬೇಕಾದ ವೃತ್ತದ ತ್ರಿಜ್ಯ ನಾಲ್ಕರಷ್ಟಾಗುತ್ತದೆ. ಚಿಂತಾಮಣಿ ರಸ್ತೆಯ ತಿರುವಿನಲ್ಲಿ ಬೈಕ್ ಜೋರಾಗಿ ಓಡಿಸಿದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಅದರ ಮೇಲೆ ಸ್ಟಾರ್‌ಫೈಟರ್‌ನ ರೆಕ್ಕೆಗಳು ಬಹಳ ಗಿಡ್ಡ. ನೇರ ಓಟಕ್ಕೆ ಅದು ಬಾಣ, ಸುತ್ತಿ ತಿರುಗುವುದಕ್ಕೆ ಕಷ್ಟ. ಕೆಳಮಟ್ಟದ ಕಾದಾಟಕ್ಕೆ ಎಳೆದರೆ ಆ ದೊಡ್ಡ ಯಂತ್ರದ ಅನುಕೂಲ ಕುಗ್ಗುತ್ತದೆ.

ಆದರೆ ಇದನ್ನು ಯಾರು ಮಾಡಬೇಕಾಯಿತು ನೋಡಿ. ದೇವಯ್ಯನವರ ವಿಮಾನಕ್ಕೆ ಆಗಲೇ ಗುಂಡು ತಗುಲಿತ್ತು. ಸರ್ಗೋಧಾಕ್ಕೆ ಹೋಗಿ ಬರುವುದಕ್ಕೆ ಇದ್ದ ಇಂಧನದಲ್ಲಿ ಕಾದಾಟಕ್ಕೆ ಹೆಚ್ಚಿನ ಪಾಲು ಇರಲಿಲ್ಲ. ತಿರುಗಿ ನಿಂತರೆ ಮನೆಗೆ ಮರಳುವುದು ಕಷ್ಟ ಎಂಬುದು ಯಾವ ಪೈಲಟ್‌ಗಾದರೂ ಗೊತ್ತಿರುವ ಲೆಕ್ಕ. ಅವರು ತಿರುಗಿ ನಿಂತರು.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು. ಸಿನಿಮಾದವರು ಅಂಥ ಮಿಸ್ಟೇರ್ ವಿಮಾನವನ್ನು ಇಂದಿನ ಹೊಸ ವಿಮಾನದಂತೆ ಚಕ್ಕಂತ ತಿರುಗಿಸಿದರೆ, ಮುಗಿಯದ ಗುಂಡು ಕೊಟ್ಟರೆ, ನಾಯಕನ ಶಕ್ತಿ ಹೆಚ್ಚಿದಂತೆ ಕಾಣುತ್ತದೆ. ನಿಜಕ್ಕೂ ಅವನ ಧೈರ್ಯ ಕಡಿಮೆಯಾಗುತ್ತದೆ. ಎಲ್ಲ ಅನುಕೂಲ ಇರುವವನು ಗೆದ್ದರೆ ಅದರಲ್ಲೇನಿದೆ? ಯಂತ್ರದ ಕೊರತೆಯನ್ನು ಸರಿಯಾಗಿ ತೋರಿಸಿದಾಗ ಮಾತ್ರ ಮನುಷ್ಯನ ಎತ್ತರ ಸರಿಯಾಗಿ ಕಾಣುತ್ತದೆ.

ಸಿನಿಮಾದವರನ್ನು ಬರೀ ದೂರುವುದೂ ನ್ಯಾಯವಲ್ಲ. ಅವರ ಕಷ್ಟ ಅವರಿಗೆ. ಹಳೆಯ ವಿಮಾನಗಳು ಗುಜರಿಗೆ ಹೋಗಿರುತ್ತವೆ. ಜಪಾನಿನವರು ಪರ್ಲ್ ಹಾರ್ಬರ್ ಮೇಲೆ ಮಾಡಿದ ದಾಳಿಯ ಬಗ್ಗೆ 1970ರಲ್ಲಿ ಬಂದ ‘ತೋರಾ! ತೋರಾ! ತೋರಾ!’ ಚಿತ್ರದಲ್ಲಿ ಜಪಾನಿನ ಝೀರೋ ವಿಮಾನಗಳಾಗಿ ಹಾರಿದ್ದು ರೂಪ ಬದಲಿಸಿದ ಅಮೆರಿಕದ ತರಬೇತಿ ವಿಮಾನಗಳು. 1969ರ ‘ಬ್ಯಾಟಲ್ ಆಫ್ ಬ್ರಿಟನ್’ ಚಿತ್ರದಲ್ಲಿ ಜರ್ಮನಿಯ ಮೆಸ್ಸರ್‌ಸ್ಮಿಟ್ ವಿಮಾನಗಳಾಗಿ ಬಂದವು ಸ್ಪೇನ್ ದೇಶದಲ್ಲಿ ತಯಾರಾದವು. ತಮಾಷೆ ಎಂದರೆ ಅವುಗಳ ಒಳಗಿದ್ದದ್ದು ಬ್ರಿಟನ್ನಿನ ರೋಲ್ಸ್ ರಾಯ್ಸ್ ಎಂಜಿನ್. 1986ರ ‘ಟಾಪ್ ಗನ್’ ಚಿತ್ರದ ‘ಮಿಗ್-28’ ಎಂಬ ವಿಮಾನ ಲೋಕದಲ್ಲೇ ಇಲ್ಲ. ಅದು ಕಪ್ಪು ಬಣ್ಣ ಬಳಿದ ಅಮೆರಿಕದ ಎಫ್-5. ಆದರೂ ಆ ವಿಮಾನಗಳೆಲ್ಲ ನಿಜವಾಗಿ ಹಾರಿದವು, ಅವಕ್ಕೆ ತೂಕ ಇತ್ತು. ನಮ್ಮ ಮಿಸ್ಟೇರ್‌ಗಳು 1970ರ ದಶಕದಲ್ಲೇ ನಿವೃತ್ತಿಯಾದವು, ಹಾಗಾಗಿ ಇಂದಿನ ಚಿತ್ರಕ್ಕೆ ಕಂಪ್ಯೂಟರೇ ಗತಿ. ನನ್ನ ವೃತ್ತಿಯ ಅನುಭವದಿಂದ ಹೇಳುತ್ತೇನೆ: ಕಂಪ್ಯೂಟರಿನಲ್ಲಿ ವಿಮಾನಕ್ಕೆ ತೂಕವಿಲ್ಲ, ಇಂಧನ ತೀರುವುದಿಲ್ಲ. ನಾವು ಲೆಕ್ಕ ಬರೆದು ಕೊಟ್ಟರೆ ಮಾತ್ರ ತೂಕ ಬರುತ್ತದೆ. ಕೊಡದಿದ್ದರೆ ಅದು ನೊಣದಂತೆ ಹಾರಾಡುತ್ತದೆ.

ಇನ್ನೂ ಒಂದು ಸಣ್ಣ ವಿಷಯ. ಪೈಲಟ್‌ಗಳು ಮುಖವಾಡ ತೆಗೆದು ಮಾತನಾಡುವುದನ್ನು ನೋಡಿದ್ದೀರಲ್ಲ? ಮಾತನಾಡುವ ಮೈಕ್ ಇರುವುದೇ ಆ ಆಮ್ಲಜನಕದ ಮುಖವಾಡದೊಳಗೆ. ಅದನ್ನು ತೆಗೆದರೆ ಮಾತು ಯಾರಿಗೂ ಕೇಳಿಸುವುದಿಲ್ಲ. ಆದರೆ ತೆಗೆಯದಿದ್ದರೆ ಹೀರೋ ಮುಖ ನಮಗೆ ಕಾಣುವುದಿಲ್ಲ!

ಒಳ್ಳೆಯ ಚಿತ್ರಕ್ಕೆ ಯಂತ್ರದ ಮಿತಿಯೇ ಕಥೆಯಾಗಬಲ್ಲದು. 1997ರ ‘ಬಾರ್ಡರ್’ ನೆನಪಿಸಿಕೊಳ್ಳಿ. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೊಂಗೇವಾಲಾದಲ್ಲಿ ನಮ್ಮ ಸಣ್ಣ ತುಕಡಿಯೊಂದು ಟ್ಯಾಂಕುಗಳ ಎದುರು ನಿಂತಿತು. ಜೈಸಲ್ಮೇರಿನಲ್ಲಿದ್ದ ಹಂಟರ್ ವಿಮಾನಗಳು ರಾತ್ರಿಯಲ್ಲಿ ದಾಳಿ ಮಾಡುವಂತಿರಲಿಲ್ಲ. ಬೆಳಕು ಹರಿಯುವವರೆಗೆ ಕಾಯಬೇಕಿತ್ತು. ಚಿತ್ರದ ಬಿಗಿ ಇರುವುದೇ ಆ ಕಾಯುವಿಕೆಯಲ್ಲಿ.

ಅದೇ ಲೊಂಗೇವಾಲಾದಲ್ಲಿ ಇನ್ನೊಂದು ವಿಮಾನವಿತ್ತು. ಜನ ಅದನ್ನು ನೆನಪಿಟ್ಟುಕೊಳ್ಳಲಿಲ್ಲ. ಅದರ ಹೆಸರು ‘ಕೃಷಕ್’, ಅಂದರೆ ರೈತ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾದ ಪುಟ್ಟ ಪ್ರೊಪೆಲ್ಲರ್ ವಿಮಾನ. ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ಮೇಜರ್ ಆತ್ಮಾ ಸಿಂಗ್ ಅವರು ಅದರಲ್ಲಿ ಯುದ್ಧಭೂಮಿಯ ಮೇಲೆ ಹಾರಿ, ಟ್ಯಾಂಕುಗಳು ಎಲ್ಲಿವೆ ಎಂದು ಹಂಟರ್ ಪೈಲಟ್‌ಗಳಿಗೆ ದಾರಿ ತೋರಿಸಿದರು. ಗದ್ದಲದ ಜೆಟ್ ವಿಮಾನಕ್ಕೆ ಚಪ್ಪಾಳೆ ಸಿಕ್ಕಿತು, ರೈತನ ಹೆಸರಿನದು ಮರೆತುಹೋಯಿತು. ಇದು ನಮ್ಮ ಊರಿನವರಿಗೆ ಹೊಸ ಅನುಭವವೇನಲ್ಲ ಅನ್ನಿಸುತ್ತದೆ.

ಎಚ್‌ಎಎಲ್ ಎಂದೆ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಆರಂಭಿಸಿದ ಕಾರ್ಖಾನೆ ಅದು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳು ದುರಸ್ತಿಗೆ ಅಲ್ಲಿಗೆ ಬರುತ್ತಿದ್ದವು. ಮುಂದೆ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅಲ್ಲಿಗೆ ಬಂದು ನಮ್ಮ ಎಂಜಿನಿಯರುಗಳೊಂದಿಗೆ ‘ಮರುತ್’ ಯುದ್ಧವಿಮಾನ ರೂಪಿಸಿದರು. 1961ರ ಜೂನ್ 17ರಂದು ಅದು ಮೊದಲ ಬಾರಿಗೆ ಹಾರಿತು. ಒಡಲು ಚೆನ್ನಾಗಿತ್ತು, ಆದರೆ ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಸಿಗಲಿಲ್ಲ. ಬಯಸಿದ ವೇಗ ಅದಕ್ಕೆ ಬರಲೇ ಇಲ್ಲ. ಆದರೂ 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ತನ್ನ ಕೆಲಸ ಮಾಡಿತು. ಈ ಕಥೆಯನ್ನು ಯಾರಾದರೂ ಸಿನಿಮಾ ಮಾಡಿದರೆ, ದಯವಿಟ್ಟು ಆ ಎಂಜಿನ್ನಿನ ಕೊರತೆಯನ್ನು ಬಚ್ಚಿಡದಿರಲಿ. ನಮ್ಮವರು ಏನನ್ನು ಎದುರಿಸಿದರು ಎಂಬುದು ಅದರಲ್ಲೇ ಇದೆ.

ಇದೆಲ್ಲ ಸಿನಿಮಾ ಸ್ವಾಮಿ, ಮೂರು ಗಂಟೆ ನೋಡಿ ಮರೆಯುವುದಕ್ಕೆ ಇಷ್ಟು ಚರ್ಚೆ ಯಾಕೆ ಎಂದು ನೀವು ಕೇಳಬಹುದು. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಕಾದಾಟ ನಡೆದಾಗ, ಕಂಪ್ಯೂಟರ್ ಆಟದ ತುಣುಕುಗಳನ್ನು ನಿಜವಾದ ಯುದ್ಧದ ದೃಶ್ಯ ಎಂದು ದೇಶದ ತುಂಬ ಹಂಚಿದರು. ಓದಿದವರೂ ನಂಬಿ ಮುಂದೆ ಕಳುಹಿಸಿದರು. ಗಡಿಯಲ್ಲಿ ಮಗನಿರುವ ತಾಯಿ ಒಂದು ವಿಮಾನ ಉರಿದು ಬೀಳುವ ಆ ತುಣುಕನ್ನು ನೋಡಿದರೆ ಅವಳ ರಾತ್ರಿ ಹೇಗಿರುತ್ತದೆ ಯೋಚಿಸಿ. ಸಿನಿಮಾದ ವಿಮಾನಕ್ಕೆ ಕಣ್ಣು ಒಗ್ಗಿಹೋದರೆ, ಸುಳ್ಳು ಎದುರಿಗೆ ಬಂದಾಗ ಗುರುತು ಸಿಗುವುದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳಿಗೆ ನಾಲ್ಕು ಪ್ರಶ್ನೆ ಕೊಡುತ್ತೇನೆ. ವಿಮಾನದ ದೃಶ್ಯ ಕಂಡಾಗ ಕೇಳಿಕೊಳ್ಳಿ. ಗುಂಡು ಎಷ್ಟಿತ್ತು, ಎಷ್ಟು ಹೊತ್ತು ಹಾರಿಸಿದರು? ಇಂಧನ ಎಷ್ಟಿತ್ತು, ಎಷ್ಟು ದೂರ ಹೋದರು? ಆ ಯಂತ್ರ ಆ ವರ್ಷದಲ್ಲಿ ಇತ್ತೇ? ಶಬ್ದ ಯಾವಾಗ ಕೇಳಿಸಿತು? ನಮ್ಮ ಊರ ಮೇಲೆ ಒಂದು ಕಿಲೋಮೀಟರ್ ಎತ್ತರದಲ್ಲಿ ವಿಮಾನ ಹೋದರೂ ಅದರ ಶಬ್ದ ನಮ್ಮನ್ನು ಮುಟ್ಟಲು ಸುಮಾರು ಮೂರು ಸೆಕೆಂಡ್ ಬೇಕು. ಸಿನಿಮಾದಲ್ಲಿ ಮಾತ್ರ ಸ್ಫೋಟ ಮತ್ತು ಸದ್ದು ಒಟ್ಟಿಗೇ ಬರುತ್ತವೆ. ಈ ನಾಲ್ಕಕ್ಕೂ ಬೇಕಾದ ವಿದ್ಯೆ ನಮ್ಮ ಹೈಸ್ಕೂಲು ಪುಸ್ತಕದಲ್ಲೇ ಇದೆ.

ಗುರುಗಳಲ್ಲಿ ಒಂದು ಕೋರಿಕೆ. ಬೆಂಗಳೂರಿನಲ್ಲಿ ಎಚ್‌ಎಎಲ್‌ನವರ ವಿಮಾನ ವಸ್ತುಸಂಗ್ರಹಾಲಯವಿದೆ. ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದು. ಮಕ್ಕಳು ನಿಜವಾದ ಮರುತ್ ಪಕ್ಕದಲ್ಲಿ ನಿಂತು ಅದರ ಗಾತ್ರ ನೋಡಲಿ. ಬಸ್ಸಿನ ಖರ್ಚನ್ನು ಹಳೆಯ ವಿದ್ಯಾರ್ಥಿಗಳಾದ ನಾವು ನೋಡಿಕೊಳ್ಳುತ್ತೇವೆ. ಹಿರಿಯರಲ್ಲಿ ಇನ್ನೊಂದು ಕೋರಿಕೆ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಸೇನೆಯಿಂದ ನಿವೃತ್ತರಾಗಿ ಬಂದವರಿದ್ದರೆ, ಅವರ ಮಾತನ್ನು ಮಕ್ಕಳು ಕೇಳಿ ಬರೆದಿಡಲು ಅವಕಾಶ ಮಾಡಿಕೊಡಿ. ದೇವಯ್ಯನವರ ಸತ್ಯ ಹೊರಬರಲು ಇನ್ನೊಂದು ದೇಶದವರ ಪುಸ್ತಕ ಬೇಕಾಯಿತು. ನಮ್ಮವರ ಕಥೆಗೆ ಹಾಗಾಗುವುದು ಬೇಡ.

ಸಿನಿಮಾ ನೋಡಿ, ಚಪ್ಪಾಳೆಯನ್ನೂ ಹೊಡೆಯಿರಿ. ಮನೆಗೆ ಬಂದ ಮೇಲೆ ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ.