ಅಮ್ಮನ ಹೃದಯವೂ ಲೆಕ್ಕಕ್ಕೆ ಬರಲಿ



ನಾನು ವೈದ್ಯೆಯಲ್ಲ, ಸಾಫ್ಟ್‌ವೇರ್ ಕ್ಷೇತ್ರದವಳು. ಹಾಗಾಗಿ ಮೊದಲು ಒಂದು ಲೆಕ್ಕ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ನಾಲ್ವರ ಮನೆಗೆ 20 ಗ್ರಾಂ. ಅಂದರೆ ಒಂದು ಕಿಲೋ ಪ್ಯಾಕೆಟ್ ಕನಿಷ್ಠ 50 ದಿನ ಬರಬೇಕು. ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ? ಉಪ್ಪಿನಕಾಯಿ, ಹಪ್ಪಳ, ಫರಸಾಣ್, ವಡಾಪಾವ್‌ಗಳ ಉಪ್ಪು ಇದರ ಮೇಲೆ! ಉಪ್ಪು ಹೆಚ್ಚಿದರೆ ರಕ್ತದೊತ್ತಡ ಏರುತ್ತದೆ, ಅದರ ಭಾರ ಹೃದಯದ ಮೇಲೆ ಬೀಳುತ್ತದೆ.

ಮಕ್ಕಳ ನಾಲಿಗೆಯ ರುಚಿ ಮನೆಯಲ್ಲೇ ರೂಪುಗೊಳ್ಳುತ್ತದೆ. ಉಪ್ಪನ್ನು ಸ್ವಲ್ಪಸ್ವಲ್ಪವೇ ಇಳಿಸಿದರೆ ಯಾರೂ ಗೊಣಗುವುದಿಲ್ಲ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ಬೇಡ. ನಮ್ಮ ಜೋಳದ ರೊಟ್ಟಿ, ರಾಗಿಮುದ್ದೆ, ಬಸ್ಸಾರು, ಕೋಸಂಬರಿಗಳನ್ನು ಬಿಟ್ಟು ದುಬಾರಿ ಡಯೆಟ್ ಹುಡುಕಬೇಕಿಲ್ಲ. ಊಟದ ನಂತರ ಎಲ್ಲರೂ ಮೊಬೈಲ್ ಬದಿಗಿಟ್ಟು ಸೊಸೈಟಿಯಲ್ಲೇ ನಾಲ್ಕು ಸುತ್ತು ನಡೆಯಬಹುದು. ಅಡುಗೆ ಅಮ್ಮನೊಬ್ಬಳದೇ ಕೆಲಸವಲ್ಲ, ಅಪ್ಪಂದಿರೂ ಮಕ್ಕಳೂ ಕೈಜೋಡಿಸಲಿ.

ಈಗ ಮುಖ್ಯ ಮಾತು. ಮಾವನವರ ಬಿಪಿ ಮಾತ್ರೆ, ಅತ್ತೆಯವರ ಶುಗರ್ ರಿಪೋರ್ಟ್, ಮಗುವಿನ ಲಸಿಕೆಯ ದಿನ ಎಲ್ಲವೂ ಅಮ್ಮನಿಗೆ ಬಾಯಿಪಾಠ. ಅವಳದೇ ಬಿಪಿ ಎಷ್ಟೆಂದು ಕೇಳಿ, ಉತ್ತರ ಸಿಗುವುದು ಕಷ್ಟ. ಬ್ಯಾಕಪ್ ಇಲ್ಲದ ಸರ್ವರ್ ಮೇಲೆ ಇಡೀ ಕಂಪನಿ ನಡೆಸಿದಂತೆ ನಾವು ಮನೆ ನಡೆಸುತ್ತಿದ್ದೇವೆ.

ಹೃದಯಾಘಾತ ಗಂಡಸರ ಕಾಯಿಲೆಯಷ್ಟೇ ಅಲ್ಲ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಅಪಾಯ ಹೆಚ್ಚುತ್ತದೆ. ಗರ್ಭಿಣಿಯಾಗಿದ್ದಾಗ ಬಿಪಿ ಅಥವಾ ಶುಗರ್ ಏರಿದ್ದವರು ಮುಂದೆಯೂ ಎಚ್ಚರವಾಗಿರಬೇಕು, ವೈದ್ಯರಿಗೆ ಅದನ್ನು ತಪ್ಪದೆ ಹೇಳಬೇಕು. ಎದೆನೋವೇ ಸಾಮಾನ್ಯ ಲಕ್ಷಣವಾದರೂ ಹೆಂಗಸರಲ್ಲಿ ಅದರ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ದವಡೆ, ಬೆನ್ನು, ತೋಳಿನ ನೋವು, ವಾಕರಿಕೆ, ತಣ್ಣನೆ ಬೆವರು, ಹಿಂದೆಂದೂ ಇಲ್ಲದ ಸುಸ್ತು ಕಾಣಿಸಬಹುದು. ಸ್ಟೇಷನ್ ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ ‘ಲೋಕಲ್ ಹಿಡಿಯುವ ಅವಸರ’ ಎಂದೋ ‘ಗ್ಯಾಸ್’ ಎಂದೋ ತಳ್ಳಿಹಾಕಬೇಡಿ, ವೈದ್ಯರಿಗೆ ತೋರಿಸಿ. ಹೃದಯಾಘಾತದ ಅನುಮಾನ ಬಂದರೆ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆಮಾಡಿ.

ಸೆಪ್ಟೆಂಬರ್ 29 ವಿಶ್ವ ಹೃದಯ ದಿನ. ಅಲ್ಲಿಯವರೆಗೂ ಕಾಯುವುದು ಬೇಡ. ಈ ವಾರವೇ ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಮನೆಯವರ ಫೈಲುಗಳ ಪಕ್ಕದಲ್ಲಿ ನಿಮ್ಮ ಹೆಸರಿನದೂ ಒಂದು ಫೈಲ್ ಇರಲಿ.