ಪಿಯಾನೋ ಕಲಿಯುವವರಿಗೆ ಯಾವ ಮಿಡಿ ಸಾಫ್ಟ್‌ವೇರು?



ಪಾಳಿ ಮುಗಿಸಿ ಬಂದು, ನೆರೆಯವರ ನಿದ್ದೆ ಕೆಡದಂತೆ ಹೆಡ್‌ಫೋನು ಹಾಕಿಕೊಂಡು ಪಿಯಾನೋ ಕಲಿಯುವವರು ನಮ್ಮಲ್ಲಿ ಕೆಲವರುಂಟು. ಯಾವ ಮಿಡಿ ಸಾಫ್ಟ್‌ವೇರು ಕೊಳ್ಳಬೇಕೆಂದು ಅವರು ಕೇಳುತ್ತಾರೆ. ಸಂಬಳದ ದುಡ್ಡು ಕೊಡುವ ಮೊದಲು ಮಿಡಿ ಎಂದರೇನೆಂದು ನೋಡೋಣ.

ಮಿಡಿ ಫೈಲಿನೊಳಗೆ ನಾದವಿಲ್ಲ. ಅದು ನಮ್ಮ ಗಿರಣಿಯ ಹಾಜರಿ ಪುಸ್ತಕವಿದ್ದಂತೆ. ಯಾವ ಕೀಯನ್ನು ಯಾವಾಗ ಒತ್ತಿದರು, ಎಷ್ಟು ಜೋರಾಗಿ, ಯಾವಾಗ ಬಿಟ್ಟರು ಎಂಬ ಲೆಕ್ಕ ಅಷ್ಟೇ. ಪಿಯಾನೋದ ನಡುವಿನ ‘ಸಿ’ಗೆ 60ನೆಯ ನಂಬರು, ಒತ್ತಿದ ಜೋರಿಗೆ 1ರಿಂದ 127. 1983ರಲ್ಲಿ ಬಂದ ಪದ್ಧತಿ ಇಂದಿಗೂ ನಡೆದಿದೆ. ಬರೀ ಲೆಕ್ಕವಾದುದರಿಂದ ವೇಗವನ್ನು ಅರ್ಧಕ್ಕಿಳಿಸಿದರೂ ಶ್ರುತಿ ಇಳಿಯದು. ಎಡಗೈಯ ಭಾಗವನ್ನು ನಿಲ್ಲಿಸಿ ಬಲಗೈಯದನ್ನು ಮಾತ್ರ ಕೇಳಬಹುದು. ಕಲಿಯುವವನಿಗೆ ಮುಖ್ಯವಾಗಿ ಬೇಕಾದವು ಇವೆರಡೇ.

ಮ್ಯೂಸ್‌ಸ್ಕೋರ್ ಸ್ಟುಡಿಯೋ ಇವೆರಡನ್ನೂ ಉಚಿತವಾಗಿ ಮಾಡುತ್ತದೆ, ಸ್ವರಲಿಪಿಯನ್ನೂ ತೋರಿಸುತ್ತದೆ. (ಅದೇ ಹೆಸರಿನ ಸ್ವರಲಿಪಿ ಭಂಡಾರವು ಚಂದಾ ಕೇಳುತ್ತದೆ, ಅದು ಬೇರೆ, ಗಲಿಬಿಲಿ ಬೇಡ.) ಆದರೆ ಯಾರೋ ನುಡಿಸಿ ದಾಖಲಿಸಿದ ಫೈಲನ್ನು ತೆರೆದರೆ ಲಿಪಿ ಸಿಕ್ಕುಸಿಕ್ಕಾಗಿರುತ್ತದೆ, ಮನುಷ್ಯನ ಕೈ ಗಡಿಯಾರವಲ್ಲವಷ್ಟೆ! ಸಿಂಥೇಸಿಯಾದಲ್ಲಿ ಬಣ್ಣದ ಪಟ್ಟಿಗಳು ಕೀಗಳ ಮೇಲೆ ಇಳಿದು ಬರುತ್ತವೆ. ಸರಿಯಾದ ಕೀ ಒತ್ತುವವರೆಗೆ ಅದು ಕಾಯುತ್ತದೆ. ಪೂರ್ತಿ ಬಳಕೆಗೆ ಹಣ ಕಟ್ಟಬೇಕು. ಪಟ್ಟಿಗಳನ್ನೇ ನಂಬಿದವರಿಗೆ ಲಿಪಿ ಓದುವ ಅಭ್ಯಾಸ ಬಾರದೆಂದು ನಮ್ಮ ಅಭಿಪ್ರಾಯ. ಧ್ವನಿಮುದ್ರಣದವರ ದುಬಾರಿ ಸಾಫ್ಟ್‌ವೇರಂತೂ ಈಗ ಬೇಡವೇ ಬೇಡ.

ಎರಡು ಕೈಗಳ ಸ್ವರಗಳೂ ಒಂದೇ ಟ್ರ್ಯಾಕಿನಲ್ಲಿದ್ದರೆ ಮೊದಲು ಅವನ್ನು ಬೇರ್ಪಡಿಸಬೇಕು. ಮೂಲ ಫೈಲಿನ ನಕಲೊಂದನ್ನು ತೆಗೆದಿಟ್ಟು ಆಮೇಲೆ ಕೈಹಚ್ಚಿರಿ.