ಮನೆ ಮಂಜೂರಾಗುವ ಮುನ್ನ

(ಮೊಹಲ್ಲಾ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವಿಂದು ಸ್ವಂತ ಮನೆಯ ಬಗ್ಗೆ ಮಾತನಾಡಬಯಸುತ್ತೇವೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ನಮ್ಮ ಓಣಿಗಳನ್ನು ಬಲ್ಲವರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಅಜ್ಜ ಕಟ್ಟಿಸಿದ ಒಂದೇ ಮಣ್ಣಿನ ಮಾಳಿಗೆ ಮನೆ. ಅದರೊಳಗೆ ಮೂವರು ಸಹೋದರರ ಮೂರು ಸಂಸಾರ. ನಡುವೆ ಗೋಡೆಯ ಬದಲು ಹಳೆಯ ಸೀರೆಯ ಪರದೆ. 2019ರ ಆಗಸ್ಟ್‌ನಲ್ಲಿ ಮಳೆ ಸುರಿದು ಬೆಣ್ಣಿಹಳ್ಳ ಉಕ್ಕಿದಾಗ ಈ ಭಾಗದ ಮಣ್ಣಿನ ಗೋಡೆಗಳು ಹೇಗೆ ಕುಸಿದವೆಂಬುದನ್ನು ನೀವೆಲ್ಲ ಕಣ್ಣಾರೆ ಕಂಡಿದ್ದೀರಿ.

ನವಲಗುಂದದ ಜಮಖಾನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದನ್ನು ನೇಯುವವರು ನಮ್ಮ ತಾಯಂದಿರು, ಸಹೋದರಿಯರು. ನೇಯುವುದು ಮನೆಯೊಳಗೆ, ನೇರವಾಗಿ ನಿಲ್ಲಿಸಿದ ಮಗ್ಗದಲ್ಲಿ. ಮಗ್ಗ ನಿಲ್ಲಲು ಗಟ್ಟಿ ಗೋಡೆಯೂ ಎತ್ತರದ ಸೂರೂ ಬೇಕು. ಮನೆಯೇ ಇಲ್ಲದ ಮೇಲೆ ಕಸುಬು ಎಲ್ಲಿ ಉಳಿಯುತ್ತದೆ? ಆದುದರಿಂದ ಮನೆಯೆಂದರೆ ಮಲಗುವ ಜಾಗ ಮಾತ್ರವಲ್ಲ, ಅನ್ನದ ದಾರಿಯೂ ಹೌದು.

ಹಾಗಾದರೆ ಬಡವನಿಗೆ ಮನೆ ಕೊಡುವ ಯೋಜನೆಗಳಿಲ್ಲವೇ? ಖಂಡಿತ ಇವೆ. ಆದರೆ ಯಾವ ಬಾಗಿಲನ್ನು ತಟ್ಟಬೇಕೆಂಬುದು ಮೊದಲು ತಿಳಿದಿರಬೇಕು. ನೀವು ಹಳ್ಳಿಯವರಾದರೆ ನಿಮ್ಮ ಬಾಗಿಲು ಗ್ರಾಮ ಪಂಚಾಯತ್. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವೂ ರಾಜ್ಯದ ಬಸವ ವಸತಿ ಯೋಜನೆಯೂ ಅಲ್ಲಿಂದಲೇ ನಡೆಯುತ್ತವೆ. ಕೇಂದ್ರದ ಯೋಜನೆಯಲ್ಲಿ ಬಯಲು ಸೀಮೆಯ ಒಂದು ಮನೆಗೆ ದೊರೆಯುವ ನೆರವು 1.20 ಲಕ್ಷ ರೂ. ಇದರಲ್ಲಿ 72 ಸಾವಿರ ಕೇಂದ್ರದ್ದು, 48 ಸಾವಿರ ರಾಜ್ಯದ್ದು. ನೀವು ನವಲಗುಂದ ಅಥವಾ ಅಣ್ಣಿಗೇರಿ ಪಟ್ಟಣದವರಾದರೆ ಪುರಸಭೆಗೆ, ಕುಂದಗೋಳ ಅಥವಾ ಕಲಘಟಗಿ ಪಟ್ಟಣದವರಾದರೆ ಪಟ್ಟಣ ಪಂಚಾಯತ್‌ಗೆ ಹೋಗಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ನಗರ ಆವಾಸ್ ಯೋಜನೆಯ ಎರಡನೇ ಹಂತದಲ್ಲಿ, ಸ್ವಂತ ನಿವೇಶನವಿದ್ದು ವಾರ್ಷಿಕ ಆದಾಯ 3 ಲಕ್ಷ ರೂ. ಮೀರದ ಕುಟುಂಬಕ್ಕೆ ಮನೆ ಕಟ್ಟಿಕೊಳ್ಳಲು ಕೇಂದ್ರವು 1.50 ಲಕ್ಷ ರೂ. ನೀಡುತ್ತದೆ. ದೇಶದ ಯಾವ ಭಾಗದಲ್ಲೂ ಪಕ್ಕಾ ಮನೆ ಇರಬಾರದು, ಹಿಂದಿನ 20 ವರ್ಷಗಳಲ್ಲಿ ಸರಕಾರದ ಯಾವುದೇ ವಸತಿ ಯೋಜನೆಯ ಪ್ರಯೋಜನ ಪಡೆದಿರಬಾರದು ಎಂಬುದು ಇದರ ಶರತ್ತು.

ನಮ್ಮಲ್ಲಿ ಅನೇಕರು ಬಡ್ಡಿಯ ಭಯದಿಂದ ಇಂತಹ ಅರ್ಜಿಗಳಿಂದಲೇ ದೂರ ಉಳಿದಿದ್ದಾರೆ. ಅವರ ಎಚ್ಚರ ಮೆಚ್ಚತಕ್ಕದ್ದು. ಆದರೆ ಮಾಹಿತಿ ಅಪೂರ್ಣ. ನಗರ ಯೋಜನೆಯಲ್ಲಿ ಬ್ಯಾಂಕ್ ಸಾಲದ ಬಡ್ಡಿಗೆ ರಿಯಾಯಿತಿ ನೀಡುವ ಒಂದು ಭಾಗವಿರುವುದು ನಿಜ. ಮೇಲೆ ಹೇಳಿದ 1.20 ಲಕ್ಷ, 1.50 ಲಕ್ಷ ರೂ.ಗಳು ಮಾತ್ರ ಸಾಲವಲ್ಲ, ಸಹಾಯಧನ. ಅದನ್ನು ಮರಳಿಸಬೇಕಾಗಿಲ್ಲ, ಅದಕ್ಕೆ ಬಡ್ಡಿಯೂ ಇಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಕೂಡು ಕುಟುಂಬದ್ದು. 'ನಾವು ಒಂದೇ ಮನೆಯಲ್ಲಿರುವವರು, ನಮಗೆ ಒಂದೇ ಅರ್ಜಿ' ಎಂದು ಹಲವರು ಭಾವಿಸಿದ್ದಾರೆ. ನಗರ ಯೋಜನೆಯ ಪ್ರಕಾರ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅವಿವಾಹಿತ ಮಕ್ಕಳು. ಅಂದರೆ ಮದುವೆಯಾದ ಮಗನದು ಬೇರೊಂದು ಕುಟುಂಬ. ಆದರೆ ಪಡಿತರ ಚೀಟಿ ಇನ್ನೂ ತಂದೆಯ ಹೆಸರಿನಲ್ಲಿಯೇ ಇದ್ದರೆ ಕಚೇರಿಯ ಗುಮಾಸ್ತನಿಗೆ ಅದು ತಿಳಿಯುವುದು ಹೇಗೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮವರ ಅರ್ಜಿಗಳು ಎಲ್ಲಿ ಮುಗ್ಗರಿಸುತ್ತವೆ? ಬಹುಪಾಲು ಒಂದೇ ಕಾಗದದಲ್ಲಿ, ಉತಾರದಲ್ಲಿ. ಸ್ವಂತ ಜಾಗದಲ್ಲಿ ಮನೆ ಕಟ್ಟುವವನು ಹಳ್ಳಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಪಟ್ಟಣದಲ್ಲಿ ಇ-ಖಾತಾ ತೋರಿಸಬೇಕು. ಆ ಕಾಗದವನ್ನು ತೆಗೆಸಿ ನೋಡಿದರೆ ಅದರಲ್ಲಿ ಅಜ್ಜನ ಹೆಸರು. ಅಜ್ಜ ತೀರಿಕೊಂಡು ನಲವತ್ತು ವರ್ಷಗಳಾದವು. ತಂದೆಯೂ ಹೋದರು. ವಾರಸಾ ದಾಖಲಾಗಲಿಲ್ಲ, ಹಿಸ್ಸೆಯೂ ಆಗಲಿಲ್ಲ. ಮೊಮ್ಮಗ ಹುಟ್ಟಿದ್ದು ಆ ಮನೆಯಲ್ಲಿ, ಬೆಳೆದದ್ದು ಆ ಮನೆಯಲ್ಲಿ. ಆದರೆ ದಾಖಲೆಯ ದೃಷ್ಟಿಯಲ್ಲಿ ಅವನಿಗೆ ಅಂಗೈಯಗಲ ಜಾಗವೂ ಇಲ್ಲ!

ಹಿಸ್ಸೆ ಏಕೆ ಆಗಲಿಲ್ಲ? ಇದಕ್ಕೆ ಸರಕಾರವನ್ನು ದೂರುವಂತಿಲ್ಲ. ನಾವು ಪ್ರಾಮಾಣಿಕರಾಗಿ ಒಪ್ಪಿಕೊಳ್ಳೋಣ: ಹಿಸ್ಸೆ ಮಾಡಿದರೆ ಅಕ್ಕತಂಗಿಯರಿಗೂ ಪಾಲು ಕೊಡಬೇಕಾಗುತ್ತದೆ ಎಂಬುದೇ ಅನೇಕ ಮನೆಗಳಲ್ಲಿ ಅದನ್ನು ಮುಂದೂಡಲು ಕಾರಣ. ತಾಯಿಗೆ, ಹೆಂಡತಿಗೆ, ಮಗಳಿಗೆ ಕುರ್‌ಆನ್ ಪಾಲನ್ನು ನಿಗದಿಪಡಿಸಿದೆ. ನಮಾಝಿನಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವ ನಾವು ಆ ಪಾಲಿನ ಮಾತು ಬಂದಾಗ ಹಿಂದಿನ ಸಾಲಿಗೆ ಸರಿಯುತ್ತೇವೆ. 'ಅವಳ ಮದುವೆಗೆ ಖರ್ಚು ಮಾಡಿದ್ದೇವಲ್ಲ' ಎನ್ನುತ್ತೇವೆ. ಮದುವೆಯ ಖರ್ಚು ವಾರಸಿನ ಪಾಲಿಗೆ ಬದಲಿಯಲ್ಲ. ಸಹೋದರಿಯ ಹಕ್ಕನ್ನು ತಡೆಹಿಡಿದವರು ಇಂದು ತಮ್ಮ ಮಕ್ಕಳ ಮನೆಯನ್ನೇ ತಡೆಹಿಡಿದಿದ್ದಾರೆ.

ಇಪ್ಪತ್ತು ಅಡಿ ಅಗಲದ ಜಾಗವನ್ನು ಆರು ಮಂದಿಗೆ ಹಂಚಿದರೆ ಯಾರಿಗೂ ಪ್ರಯೋಜನವಿಲ್ಲ ಎಂಬ ವಾದದಲ್ಲಿ ಹುರುಳಿದೆ. ಅದಕ್ಕೂ ದಾರಿಯಿದೆ. ವಾರಸುದಾರರೆಲ್ಲ ಒಟ್ಟಿಗೆ ಕುಳಿತು ಜಾಗದ ಬೆಲೆ ಕಟ್ಟಲಿ. ಮನೆ ಕಟ್ಟುವವನು ಉಳಿದವರ ಪಾಲಿನ ಬೆಲೆಯನ್ನು ಕೊಡಲಿ, ಒಮ್ಮೆಗೆ ಆಗದಿದ್ದರೆ ಕಂತಿನಲ್ಲಾದರೂ ಕೊಡಲಿ. ಅನಂತರ ಅವರಿಂದ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿಕೊಳ್ಳಲಿ. ಸಹೋದರಿಯನ್ನು ಕರೆದು ಒತ್ತಾಯದಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಇತ್ಯರ್ಥವಲ್ಲ, ಅನ್ಯಾಯ.

ಹೊಸ ಮನೆಯ ವಿಷಯದಲ್ಲಾದರೂ ನಾವು ಕಲಿಯಬೇಕಾದುದಿದೆ. ಆವಾಸ್ ಯೋಜನೆಗಳು ಮನೆಯನ್ನು ಮಹಿಳೆಯ ಹೆಸರಿನಲ್ಲಿ ಅಥವಾ ಪತಿ ಪತ್ನಿಯರ ಜಂಟಿ ಹೆಸರಿನಲ್ಲಿ ನೀಡಲು ಒತ್ತು ಕೊಡುತ್ತವೆ. ಇದನ್ನು ಕಚೇರಿಗಾಗಿ ಮಾಡುವ ನಾಟಕವೆಂದು ಭಾವಿಸದೆ ಮನಸಾರೆ ಒಪ್ಪಿಕೊಳ್ಳಿರಿ. ವಿಧವೆಯಾದ ಅಥವಾ ಗಂಡ ಬಿಟ್ಟುಹೋದ ಎಷ್ಟು ಸಹೋದರಿಯರು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುತ್ತಿದ್ದಾರೆ? ಅವರ ಅರ್ಜಿ ಮೊದಲು ಹೋಗಲಿ.

ಎರಡನೆಯ ತೊಡಕು ನಮ್ಮ ಗೈರುಹಾಜರಿ. ಹಳ್ಳಿಗಳಲ್ಲಿ ಫಲಾನುಭವಿಗಳ ಪಟ್ಟಿ ಗ್ರಾಮಸಭೆಯ ಮುಂದೆ ಬರಬೇಕು. ಆ ದಿನ ನಮ್ಮವರು ಕೂಲಿಗೆ ಹೋಗಿರುತ್ತಾರೆ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಆಮೇಲೆ ಚಹಾದಂಗಡಿಯಲ್ಲಿ ಗೊಣಗುತ್ತೇವೆ. 2025ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ ಶೇ. 15ಕ್ಕೆ ಏರಿಸಲು ತೀರ್ಮಾನಿಸಿತು. ಇದನ್ನು ಓಲೈಕೆಯೆಂದು ಜರೆದವರಿದ್ದಾರೆ. ಈ ಪಾಲು ಮುಸ್ಲಿಮರಿಗೆ ಮಾತ್ರವಲ್ಲ, ಕ್ರೈಸ್ತ, ಜೈನ ಮುಂತಾದ ಎಲ್ಲ ಅಲ್ಪಸಂಖ್ಯಾತರಿಗೂ ಸೇರಿದ್ದು. ಸೂರಿಲ್ಲದ ಬಡತನವೇ ಅದರ ಅರ್ಹತೆ. ಆದರೆ ಶೇಕಡಾವಾರು ಲೆಕ್ಕ ತಾನಾಗಿಯೇ ಯಾರ ಮನೆಗೂ ಹಂಚು ಹೊದಿಸದು. ಸರಿಯಾದ ಕಾಗದಗಳೊಂದಿಗೆ ಅರ್ಜಿ ಹಾಕುವವರಿಲ್ಲದಿದ್ದರೆ ಶೇ. 15 ಕಾಗದದಲ್ಲಿಯೇ ಉಳಿಯುತ್ತದೆ.

ಮೂರನೆಯದು ದಲ್ಲಾಳಿ. 'ಇಷ್ಟು ಕೊಡಿ, ಮನೆ ಹಾಕಿಸಿಕೊಡುತ್ತೇನೆ' ಎನ್ನುವವನಿಗೆ ಹಣ ಕೊಡಬೇಡಿರಿ. ಅರ್ಜಿ ಏನಾಯಿತೆಂದು ತಿಳಿಯಬೇಕಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳಲ್ಲಿ ಉತ್ತರ. ಅಂತೆಯೇ, ಹುಬ್ಬಳ್ಳಿಯಲ್ಲಿ ಪಕ್ಕಾ ಮನೆಯಿದ್ದೂ ಇಲ್ಲಿ 'ಮನೆಯಿಲ್ಲ' ಎಂದು ಪ್ರಮಾಣಪತ್ರ ಬರೆದುಕೊಡುವವರು ನಮ್ಮಲ್ಲಿಲ್ಲವೇ? ಅದು ಸುಳ್ಳು ಸಾಕ್ಷಿ ಮಾತ್ರವಲ್ಲ, ಪಕ್ಕದ ಮನೆಯ ಬಡವನ ಸೂರನ್ನು ಕಿತ್ತುಕೊಳ್ಳುವುದು.

ಮಂಜೂರಾದವರಿಗೂ ಒಂದು ಮಾತು. ನೆರವಿನ ಹಣ ಒಟ್ಟಿಗೆ ಬರುವುದಿಲ್ಲ. ಅಡಿಪಾಯದಿಂದ ಛಾವಣಿಯವರೆಗೆ ಕೆಲಸ ಮೇಲೇಳುತ್ತಿದ್ದಂತೆ, ಹಂತ ಹಂತದ ಚಿತ್ರ ತೆಗೆದ ಬಳಿಕ, ಕಂತುಗಳಲ್ಲಿ ಖಾತೆಗೆ ಜಮೆಯಾಗುತ್ತದೆ. ನವಲಗುಂದ, ಅಣ್ಣಿಗೇರಿಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಇಲ್ಲಿ ಅಡಿಪಾಯ ಆಳಕ್ಕೆ ಹೋಗದಿದ್ದರೆ ಗೋಡೆ ಸೀಳುತ್ತದೆ. ಆದುದರಿಂದ ಹಣದ ದೊಡ್ಡ ಪಾಲು ನೆಲದೊಳಗೆ ಹೋಗುವುದೆಂದು ಮೊದಲೇ ಲೆಕ್ಕ ಹಾಕಿರಿ. ಗ್ರಾಮೀಣ ಯೋಜನೆ ಕೇಳುವುದು ಕನಿಷ್ಠ 25 ಚದರ ಮೀಟರಿನ ಮನೆ, ಅಂದರೆ ಸುಮಾರು 270 ಚದರ ಅಡಿ. ಅಷ್ಟನ್ನು ಮೊದಲು ಪೂರ್ಣಗೊಳಿಸಿರಿ. ನೆಂಟರ ಮುಂದಿನ ಪ್ರತಿಷ್ಠೆಗಾಗಿ ಎರಡರಷ್ಟು ಪಾಯ ತೋಡಿ, ಅರ್ಧ ಗೋಡೆಯಲ್ಲಿ ಹಣ ಮುಗಿದು, ಖಾಸಗಿ ಬಡ್ಡಿಗೆ ಸಿಲುಕಿದವರ ಗತಿ ನಿಮಗೆ ತಿಳಿದೇ ಇದೆ.

ಕೊನೆಯದಾಗಿ, ಮೊಹಲ್ಲಾದ ಜವಾಬ್ದಾರರಿಗೆ ನಮ್ಮ ವಿನಂತಿ. ನಮ್ಮ ಅಂಜುಮನ್‌ಗಳಲ್ಲಿ ಅಲಂಕಾರಕ್ಕೆ ಹಣವಿದೆ, ಜಲಸಾಗಳಿಗೆ ಹಣವಿದೆ. ವಾರಕ್ಕೊಂದು ಸಂಜೆ ಇಬ್ಬರು ಓದಿದ ಯುವಕರನ್ನೂ ಒಬ್ಬ ಓದಿದ ಸಹೋದರಿಯನ್ನೂ ಕೂರಿಸಿ, ಬಂದವರ ಕಾಗದಗಳನ್ನು ನೋಡಿ ಸರಿಪಡಿಸುವ ಕೆಲಸಕ್ಕೆ ದೊಡ್ಡ ಖರ್ಚೇನೂ ಇಲ್ಲ. ಯಾವ ಮನೆಯ ವಾರಸಾ ಬಾಕಿಯಿದೆ, ಯಾವ ವಿಧವೆಯ ಪಡಿತರ ಚೀಟಿ ಬೇರೆಯಾಗಿಲ್ಲ ಎಂಬ ಪಟ್ಟಿ ಅವರ ಕೈಯಲ್ಲಿರಲಿ.

ನೀವು ಇಂದು ಮನೆಗೆ ಹೋದೊಡನೆ ಪೆಟ್ಟಿಗೆಯಿಂದ ಉತಾರವನ್ನು ಹೊರತೆಗೆದು, ಅದರಲ್ಲಿ ಯಾರ ಹೆಸರಿದೆಯೆಂದು ಓದಿರಿ. ಅದರಲ್ಲಿ ತೀರಿಹೋದವರ ಹೆಸರಿದ್ದರೆ, ಸರಕಾರಕ್ಕೆ ಅರ್ಜಿ ಬರೆಯುವ ಮುನ್ನ ನಿಮ್ಮ ಸಹೋದರಿಯ ಮನೆಗೆ ಹೋಗಿ ಬನ್ನಿರಿ.